ಮಾತು ಮೊದಲು, ಗುಡುಗು ಆಮೇಲೆ

ದೊಡ್ಡ ಮಗಳು ಓದಲು ಬೆಂಗಳೂರಿಗೆ ಹೋದ ವರ್ಷ ಪುಣೆಯ ಕೋಥ್ರೂಡ್‌ನ ನಮ್ಮ ಫ್ಲ್ಯಾಟಿನ ಮೂರನೆಯ ಬೆಡ್‌ರೂಮು ಖಾಲಿಯಾಯಿತು. ಟೇಪು ಹಿಡಿದು ಅಳೆದರೆ 12 ಅಡಿ ಉದ್ದ, 10 ಅಡಿ ಅಗಲ, 9.5 ಅಡಿ ಎತ್ತರ. ಅದನ್ನು ಸಿನಿಮಾ ನೋಡುವ ಕೋಣೆ ಮಾಡೋಣವೆಂದು ಮನೆಯವರೆಲ್ಲ ಒಪ್ಪಿದರು. ಒಂದೇ ಪೆಟ್ಟಿಗೆಯಲ್ಲಿ ಬರುವ 5.1 ಸೆಟ್ ತಂದೆವು. ಅಂಗಡಿಯಿಂದ ಬಂದ ಹುಡುಗ ಎರಡು ಸ್ಪೀಕರುಗಳನ್ನು ಹಿಂದಿನ ಗೋಡೆಯ ಮೂಲೆಗಳಲ್ಲಿ ಛಾವಣಿಗೆ ತಾಗಿಸಿ ಹೊಡೆದ. ಸೆಂಟರ್ ಸ್ಪೀಕರನ್ನು ಟಿವಿ ಕೆಳಗಿನ ಕಪಾಟಿನೊಳಕ್ಕೆ ಸೇರಿಸಿದ. ಸಬ್‌ವೂಫರನ್ನು ಜಾಗವಿದ್ದ ಮೂಲೆಗೆ ಸರಿಸಿದ. ನಲವತ್ತು ನಿಮಿಷದಲ್ಲಿ ಕೆಲಸ ಮುಗಿಯಿತು. ಅಂದು ಸಂಜೆ, ಧಾರವಾಡದಿಂದ ಬಂದಿದ್ದ ಅವ್ವ ಅರ್ಧ ಗಂಟೆ ನೋಡಿ ಎದ್ದಳು. “ಏನ್ ಮಾತಾಡ್ಲಿಕತ್ತಾರ ಒಂದೂ ತಿಳೀವಲ್ದಪಾ. ಬರೇ ಗದ್ಲ ಕೇಳಸ್ತೈತಿ.”

ಅವ್ವನಿಗೆ ಕಿವಿ ಮಂದವಾಗಿದೆ ಎಂದುಕೊಂಡು ನಾನು ಧ್ವನಿ ಏರಿಸಿದೆ. ಗದ್ದಲವೂ ಏರಿತು, ಮಾತು ಅಲ್ಲೇ ಉಳಿಯಿತು. ಮರುದಿನ ಹತ್ತು ವರ್ಷದ ಮಗ ಪಕ್ಕದಲ್ಲಿ ಕೂತು, “ಅಪ್ಪಾ, ಅವರು ‘ಹಾಲು’ ಅಂದ್ರಾ ‘ಹಾಳು’ ಅಂದ್ರಾ?” ಎಂದು ಕೇಳಿದಾಗ ನನಗೆ ನಿಜವಾಗಿಯೂ ಚಿಂತೆಯಾಯಿತು. ಅವನ ಶಾಲೆ ಇಂಗ್ಲಿಷಿನಲ್ಲಿ, ಆಟ ಮರಾಠಿಯಲ್ಲಿ, ಟಿವಿಯ ಕಾರ್ಟೂನು ಹಿಂದಿಯಲ್ಲಿ. ಪುಣೆಯ ಎಷ್ಟೋ ಕನ್ನಡ ಮನೆಗಳಂತೆ ನಮ್ಮಲ್ಲಿಯೂ ಮಗು ಅಪ್ಪ-ಅಮ್ಮನನ್ನು ಬಿಟ್ಟು ಬೇರೆಯವರ ಬಾಯಲ್ಲಿ ಕನ್ನಡ ಕೇಳುವುದು ಸಿನಿಮಾದಲ್ಲಿಯೇ. ಆ ಕೋಣೆಯಲ್ಲಿ ಲಕಾರ-ಳಕಾರ ಬೇರೆಬೇರೆಯಾಗಿ ಕೇಳದಿದ್ದರೆ ನಾವು ಹೂಡಿದ ಹಣಕ್ಕೆ ಏನು ಅರ್ಥ?

ಹಾಗಾಗಿ ಎಲ್ಲವನ್ನೂ ಬಿಚ್ಚಿ ಮೊದಲಿನಿಂದ ಶುರು ಮಾಡಿದೆ. ಓದಿ, ಅಳೆದು, ತಪ್ಪಿ, ತಿದ್ದಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಕೋಣೆಯ ಅಳತೆ ಬೇರೆ ಇರಬಹುದು, ಲೆಕ್ಕದ ದಾರಿ ಒಂದೇ.

ಮಾತು ಎಲ್ಲಿ ಕೆಡುತ್ತದೆ

5.1 ಎಂಬುದರಲ್ಲಿ ಐದು ಎಂದರೆ ಮುಂದಿನ ಎಡ, ನಡು, ಬಲ ಮತ್ತು ಪಕ್ಕದ ಎರಡು ಸರೌಂಡ್. ‘ಪಾಯಿಂಟ್ ಒಂದು’ ಎಂದರೆ 120 ಹರ್ಟ್ಜ್‌ವರೆಗಿನ ಗುಡುಗು-ಸಿಡಿಲಿನಂಥ ತಗ್ಗು ಸದ್ದಿಗಾಗಿಯೇ ಮೀಸಲಿಟ್ಟ ವಾಹಿನಿ. ಸಿನಿಮಾದ ಮಾತಿನ ಬಹುಪಾಲು ನಡುವಿನ ಸ್ಪೀಕರಿನಿಂದ ಬರುತ್ತದೆ. ಸ್ವರಗಳ ಬಲ ತಗ್ಗಿನಲ್ಲಿರುತ್ತದೆ. ಲ-ಳ, ನ-ಣ, ಸ-ಶ-ಷ ಎಂದು ವ್ಯಂಜನಗಳನ್ನು ಬೇರ್ಪಡಿಸಿ ತೋರಿಸುವ ಗುರುತುಗಳು ಹೆಚ್ಚಾಗಿ 1,000 ಹರ್ಟ್ಜ್‌ನಿಂದ ಮೇಲಕ್ಕೆ. ಈ ಮೇಲಿನ ಸದ್ದು ಕ್ಷೀಣವಾದದ್ದು, ಬಹಳ ಬೇಗ ಮಸುಕಾಗುವಂಥದ್ದು. ಸ್ಪೀಕರು ಕಪಾಟಿನ ಗೂಡಿನಲ್ಲಿ ಕೂತಿದ್ದರೆ ಗೂಡೇ ಮೊಳಗುತ್ತದೆ. ಸ್ಪೀಕರು ನಿಮ್ಮ ಮೊಣಕಾಲಿಗೆ ಗುರಿಯಿಟ್ಟಿದ್ದರೆ ಕಿವಿಗೆ ಮುಟ್ಟುವ ಮೊದಲು ಸದ್ದು ವಿಟ್ರಿಫೈಡ್ ಟೈಲ್ಸಿಗೆ ಬಡಿದು ಬರುತ್ತದೆ. ನಾಲ್ಕೂ ಗೋಡೆ ಬರಿದಾಗಿದ್ದರೆ ಒಂದು ಅಕ್ಷರದ ಬಾಲ ಮುಂದಿನ ಅಕ್ಷರದ ತಲೆಯ ಮೇಲೆ ಬೀಳುತ್ತದೆ.

ಪರೀಕ್ಷೆ ಸುಲಭ. ಖಾಲಿ ಕೋಣೆಯ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ. ಹಿಂದೆಯೇ ‘ಝಿಂಗ್’ ಎಂಬ ಲೋಹದಂಥ ಬಾಲ ಕೇಳಿದರೆ ಎದುರು-ಬದುರು ಗೋಡೆಗಳು ಸದ್ದನ್ನು ಚೆಂಡಿನಂತೆ ಎಸೆದಾಡುತ್ತಿವೆ ಎಂದರ್ಥ. ಪುಣೆಯ ಹೊಸ ಕಟ್ಟಡಗಳಲ್ಲಿ ಇದು ಹೆಚ್ಚು, ಏಕೆಂದರೆ ಅಲ್ಯುಮಿನಿಯಂ ಅಚ್ಚಿನಲ್ಲಿ ಸುರಿದ ಕಾಂಕ್ರೀಟ್ ಗೋಡೆಗಳು (ಸೈಟಿನಲ್ಲಿ ‘ಮೈವಾನ್’ ಎನ್ನುತ್ತಾರೆ) ಕನ್ನಡಿಯಷ್ಟು ಗಟ್ಟಿ, ಕನ್ನಡಿಯಷ್ಟು ನುಣುಪು. ಈ ಗೋಡೆಗಳ ಇನ್ನೊಂದು ಸಂಗತಿಯನ್ನು ಕೊಳ್ಳುವ ಮೊದಲೇ ತಿಳಿದುಕೊಳ್ಳಬೇಕು. ಅವು ಕಟ್ಟಡದ ಭಾರ ಹೊರುತ್ತವೆ. ವೈರ್ ಹೂಳಲು ಅವುಗಳನ್ನು ಕೊರೆದು ತೋಡು ತೆಗೆಯಬಾರದು.

ಕೋಣೆಯ ಸ್ವಂತ ಶ್ರುತಿ

ಪ್ರತಿ ಕೋಣೆಗೂ ತನ್ನದೇ ತಗ್ಗು ಸ್ವರಗಳಿವೆ. ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 1,125 ಅಡಿ ಓಡುತ್ತದೆ. ಆ ಸಂಖ್ಯೆಯನ್ನು ಕೋಣೆಯ ಅಳತೆಯ ಎರಡು ಪಟ್ಟಿನಿಂದ ಭಾಗಿಸಿದರೆ ಆ ದಿಕ್ಕಿನಲ್ಲಿ ಕೋಣೆ ಮೊಳಗುವ ಮೊದಲ ಸ್ವರ ಸಿಗುತ್ತದೆ. ನಮ್ಮ 12 ಅಡಿಗೆ 47 ಹರ್ಟ್ಜ್, 10 ಅಡಿಗೆ 56, 9.5 ಅಡಿ ಎತ್ತರಕ್ಕೆ 59. ಕೊನೆಯ ಎರಡೂ ಅಕ್ಕಪಕ್ಕ ಇರುವುದನ್ನು ಗಮನಿಸಿ. ಆ ಸ್ವರದ ಹತ್ತಿರ ಏನು ಬಂದರೂ, ಡೊಳ್ಳಿನ ಪೆಟ್ಟಾಗಲಿ ಲಾರಿಯ ಎಂಜಿನ್ನಾಗಲಿ, ಎರಡು ದಿಕ್ಕೂ ಸೇರಿ ಉಬ್ಬಿಸುತ್ತವೆ. 10 ಅಡಿಗೆ 10 ಅಡಿಯ ಚೌಕ ಕೋಣೆಯಲ್ಲಿ ಈ ಕಷ್ಟ ಇನ್ನೂ ಹೆಚ್ಚು. ಎರಡು ಕೋಣೆಗಳ ನಡುವೆ ಆರಿಸುವ ಅವಕಾಶವಿದ್ದರೆ, ಚಿಕ್ಕದಾದರೂ ಉದ್ದ-ಅಗಲ ಬೇರೆಬೇರೆ ಇರುವುದನ್ನೇ ಆರಿಸಿ.

ಈ ಮೊದಲ ಸ್ವರ ಗೋಡೆಯ ಬುಡದಲ್ಲಿ ಅತಿ ಜೋರಾಗಿಯೂ ಆ ಅಳತೆಯ ನಟ್ಟನಡುವೆ ಬಹುತೇಕ ಇಲ್ಲದಂತೆಯೂ ಕೇಳುತ್ತದೆ. ಹಿಂದಿನ ಗೋಡೆಗೆ ಸೋಫಾ ಆನಿಸುವುದು ನಮ್ಮೆಲ್ಲರ ಅಭ್ಯಾಸ. ಆದರೆ ಅಲ್ಲಿ ಕೂತವರಿಗೆ ಬರೀ ಗುಂಯ್‌ಗುಟ್ಟುವ ತಗ್ಗು ಸದ್ದು ಕೇಳುತ್ತದೆ. ನಟ್ಟನಡುವೆ ಕೂತರೆ ಗುಡುಗಿಗೆ ಜೀವವೇ ಇರುವುದಿಲ್ಲ. ಕಿವಿ ಮುಂದಿನ ಗೋಡೆಯಿಂದ ಉದ್ದದ ಸುಮಾರು ಶೇಕಡಾ 60-62ರಷ್ಟು ದೂರವಿದ್ದರೆ ಸಮತೋಲ ಸಿಗುತ್ತದೆ. 12 ಅಡಿಯ ಕೋಣೆಯಲ್ಲಿ ಅದು ಸುಮಾರು 7.5 ಅಡಿ. ಬೆನ್ನ ಹಿಂದೆ ನಾಲ್ಕೂವರೆ ಅಡಿ ಉಳಿಯುತ್ತದೆ. ಜಾಗ ಹಾಳಾಯಿತೆಂದು ಮನೆಯವರು ಹೇಳಿಯೇ ಹೇಳುತ್ತಾರೆ. ನಾನು ಅಲ್ಲಿ ಪುಸ್ತಕದ ಕಪಾಟು ಇಟ್ಟೆ. ಎತ್ತರ-ಗಿಡ್ಡ, ದಪ್ಪ-ತೆಳ್ಳಗಿನ ಪುಸ್ತಕಗಳು ಸದ್ದನ್ನು ಒಂದೇ ಕಡೆ ಎಸೆಯದೆ ಚದುರಿಸುತ್ತವೆ. ಅಷ್ಟು ಒಳ್ಳೆಯ ಹಿಂಗೋಡೆ ಹಣ ಕೊಟ್ಟರೂ ಸಿಗುವುದು ಕಷ್ಟ.

ಕಾಗದದ ಮೇಲೆ ಕೋಣೆ

ಏನನ್ನೂ ಕೊಳ್ಳುವ ಮೊದಲು ಚೌಕುಳಿ ಕಾಗದದಲ್ಲಿ ಒಂದು ಅಡಿಗೆ ಎರಡು ಮನೆಯಂತೆ ಕೋಣೆಯನ್ನು ಬರೆಯಿರಿ. ಬಾಗಿಲು ಯಾವ ಕಡೆ ತೆರೆಯುತ್ತದೆ, ಕಿಟಕಿ, ಏಸಿ, ಫ್ಯಾನು, ಪ್ಲಗ್ಗು, ಎಲ್ಲವೂ ಬರಲಿ. ಪರದೆಯನ್ನು ಚಿಕ್ಕ ಗೋಡೆಗೆ ಹಾಕಿ. ನಮ್ಮಲ್ಲಿ ಅದು 10 ಅಡಿಯದು.

65 ಇಂಚಿನ ಟಿವಿಯ ಅಗಲ ಸುಮಾರು 57 ಇಂಚು. 7.5 ಅಡಿಯಿಂದ ಅದು ಕಣ್ಣಿಗೆ ಸುಮಾರು 35 ಡಿಗ್ರಿ ತುಂಬುತ್ತದೆ. ಸಿನಿಮಾ ನೋಡಲು 30ರಿಂದ 40 ಡಿಗ್ರಿ ಒಳ್ಳೆಯದೆಂಬ ಮಾತಿದೆ, ಹಾಗಾಗಿ ಇದು ಸಾಕು. ಪ್ರೊಜೆಕ್ಟರ್ ಹಾಕಿ 100 ಇಂಚು ಮಾಡಬಹುದು. ಆದರೆ ಇಷ್ಟು ಚಿಕ್ಕ ಕೋಣೆಯಲ್ಲಿ ಅದರ ಫ್ಯಾನಿನ ಸದ್ದು ತಲೆಯ ಮೇಲೇ ಇರುತ್ತದೆ, ಪರದೆ ಕೆಳಕ್ಕೆ ಇಳಿದು ಸೆಂಟರ್ ಸ್ಪೀಕರನ್ನು ನೆಲಕ್ಕೆ ತಳ್ಳುತ್ತದೆ. ನಾನು ಟಿವಿಯ ಪಕ್ಷ.

ಮುಂದಿನ ಎಡ-ಬಲ ಸ್ಪೀಕರುಗಳು ಕೇಳುಗನಿಂದ ನೋಡಿದರೆ ನಡುಗೆರೆಯ ಎರಡೂ ಬದಿಗೆ 22ರಿಂದ 30 ಡಿಗ್ರಿಯಲ್ಲಿರಬೇಕು. ನಮ್ಮ ಕೋಣೆಯಲ್ಲಿ ಅವುಗಳ ನಡುವೆ 7 ಅಡಿ ಇಟ್ಟರೆ ಸುಮಾರು 27 ಡಿಗ್ರಿ ಆಗುತ್ತದೆ, ಪಕ್ಕದ ಗೋಡೆಗೆ ಒಂದೂವರೆ ಅಡಿ ಬಿಟ್ಟಂತೆಯೂ ಆಗುತ್ತದೆ. ಕೂತವರ ಕಿವಿಯ ಎತ್ತರ ಮೂರೂಕಾಲು ಅಡಿಯ ಆಸುಪಾಸು. ಸ್ಪೀಕರಿನ ಚಿಕ್ಕ ಟ್ವೀಟರ್ ಅದೇ ಎತ್ತರದಲ್ಲಿರಲಿ. ಸೆಂಟರ್ ಅಷ್ಟು ಎತ್ತರಕ್ಕೆ ಬಾರದು, ಟಿವಿ ಅಡ್ಡ ಇದೆ. ಆದ್ದರಿಂದ ಅದನ್ನು ಟಿವಿಯ ಕೆಳಗೆ ತೆರೆದ ಹಲಗೆಯ ಅಂಚಿಗೆ, ಮುಖ ಒಂದಿಂಚು ಹೊರಗೆ ಚಾಚುವಂತೆ ಇಟ್ಟು, ಮುಂಭಾಗದ ಅಡಿಗೆ ರಬ್ಬರು ತುಂಡು ಕೊಟ್ಟು ಕಿವಿಯತ್ತ ತಲೆ ಎತ್ತಿಸಿ. ಖರ್ಚಿಲ್ಲದ ಈ ಒಂದು ತಿದ್ದುಪಡಿಯಿಂದಲೇ ನಮ್ಮ ಮನೆಯಲ್ಲಿ ಹಾಲು ಹಾಲಾಯಿತು, ಹಾಳು ಹಾಳಾಗಿ ಕೇಳಿತು.

ಸರೌಂಡ್ ಸ್ಪೀಕರುಗಳು ಹಿಂದಿನ ಗೋಡೆಯ ಮೂಲೆಯಲ್ಲಿರಬೇಕೆಂಬುದು ಎಲ್ಲೆಡೆ ಹರಡಿರುವ ತಪ್ಪು. 5.1ರಲ್ಲಿ ಅವುಗಳ ಜಾಗ ಪಕ್ಕದ ಗೋಡೆಗಳಲ್ಲಿ, ಕಿವಿಗಿಂತ ಸ್ವಲ್ಪ ಹಿಂದೆ, ಮುಂದಿನಿಂದ ಲೆಕ್ಕ ಹಾಕಿದರೆ 110ರಿಂದ 120 ಡಿಗ್ರಿ. ಕಿವಿಯಿಂದ ಪಕ್ಕದ ಗೋಡೆ 5 ಅಡಿ ದೂರವಿದ್ದರೆ ಕುರ್ಚಿಯಿಂದ ಸುಮಾರು 2 ಅಡಿ ಹಿಂದಕ್ಕೆ ಗುರುತು ಹಾಕಿ. ಎತ್ತರ ಕಿವಿಗಿಂತ ಅರ್ಧ-ಮುಕ್ಕಾಲು ಅಡಿ ಮೇಲಿದ್ದರೆ ಪಕ್ಕದಲ್ಲಿ ಕೂತವರ ಕಿವಿಗೇ ಸದ್ದು ಬಡಿಯುವುದು ತಪ್ಪುತ್ತದೆ.

ಇನ್ನು 7.1, ಡಾಲ್ಬಿ ಅಟ್ಮಾಸ್. ಸಿನಿಮಾ ಮಂದಿರಗಳಿಗೆ 2012ರಲ್ಲಿ ಬಂದ ಅಟ್ಮಾಸ್ ಈಗ ಒಟಿಟಿಯಲ್ಲಿ ಮನೆಗೂ ಬಂದಿದೆ. 5.1.2 ಎಂಬಲ್ಲಿ ಕೊನೆಯ ಎರಡು ಎಂದರೆ ತಲೆಯ ಮೇಲಿನ ಸ್ಪೀಕರುಗಳು. ನಾಲ್ಕೂವರೆ ಅಡಿಯ ಹಿಂಜಾಗದಲ್ಲಿ 7.1ರ ಇನ್ನೆರಡು ಹಿಂದಿನ ಸ್ಪೀಕರುಗಳನ್ನು ಹಾಕುವುದಕ್ಕಿಂತ ಆ ಹಣವನ್ನು ಛಾವಣಿಯ ಎರಡಕ್ಕೆ ಹಾಕುವುದು ಮೇಲು. ಮಳೆಯ ದೃಶ್ಯ ಬಂದರೆ ಫರಕು ಯಾರಿಗಾದರೂ ತಿಳಿಯುತ್ತದೆ. ಸದ್ದನ್ನು ಮೇಲಕ್ಕೆ ಚಿಮ್ಮಿಸಿ ಛಾವಣಿಯಿಂದ ಮರಳಿಸುವ ಸ್ಪೀಕರುಗಳೂ ಸಿಗುತ್ತವೆ. ಅವಕ್ಕೆ ಏಳೂವರೆಯಿಂದ ಹನ್ನೆರಡು ಅಡಿ ಎತ್ತರದ, ಸಪಾಟಾದ, ಗಟ್ಟಿ ಛಾವಣಿ ಬೇಕು. ನಮ್ಮ ಮನೆಗಳಲ್ಲಿ ಕೋಣೆಯ ನಡುವೆ ತಿರುಗುವ ಸೀಲಿಂಗ್ ಫ್ಯಾನು, ಮೆಟ್ಟಿಲು ಮೆಟ್ಟಿಲಾದ ಪಿಒಪಿ ಅಲಂಕಾರ ಎರಡೂ ಆ ಸದ್ದನ್ನು ಕೆಡಿಸುತ್ತವೆ. ಫಾಲ್ಸ್ ಸೀಲಿಂಗ್ ಮಾಡಿಸುತ್ತಿದ್ದರೆ ಆಗಲೇ ಎರಡು ಇನ್-ಸೀಲಿಂಗ್ ಸ್ಪೀಕರುಗಳಿಗೆ ಜಾಗ ಬಿಡಿಸಿ, ಹಿಂದಿನಿಂದ ಮುಚ್ಚುವ ಪೆಟ್ಟಿಗೆ ಮಾಡಿಸಿ. ಇಲ್ಲದಿದ್ದರೆ ತೆಳು ಜಿಪ್ಸಂ ಹಲಗೆ ಪ್ರತಿ ಪೆಟ್ಟಿಗೂ ಗಡಗಡಿಸುತ್ತದೆ. ಅಟ್ಮಾಸ್ ಯೋಜನೆಯಿದ್ದರೆ ಪಕ್ಕದ ಸರೌಂಡುಗಳನ್ನು ಅದಕ್ಕಿಂತ ಮೇಲಕ್ಕೇರಿಸಬೇಡಿ. ಕಿವಿಯ ಮಟ್ಟದ ಸದ್ದಿಗೂ ತಲೆಯ ಮೇಲಿನ ಸದ್ದಿಗೂ ಅಂತರವಿದ್ದರೆ ಮಾತ್ರ ಎತ್ತರ ಎತ್ತರವಾಗಿ ಕೇಳುತ್ತದೆ.

ಸಬ್‌ವೂಫರು ಎಲ್ಲಿ ಕೂರಬೇಕು

ಇದಕ್ಕೆ ಲೆಕ್ಕಕ್ಕಿಂತ ಮೊಣಕಾಲು ಉಪಯೋಗ. ಸಬ್‌ವೂಫರನ್ನು ನೀವು ಕೂರುವ ಕುರ್ಚಿಯ ಮೇಲೆಯೇ ಇಡಿ. ಸಮನಾದ ತಗ್ಗು ಸ್ವರಗಳಿರುವ ಹಾಡನ್ನು ಹಚ್ಚಿ. ಈಗ ನೆಲದ ಮೇಲೆ ಅಂಬೆಗಾಲಿಟ್ಟು ಗೋಡೆಯ ಗುಂಟ ಸುತ್ತು ಬನ್ನಿ. ಒಂದು ಕಡೆ ಸದ್ದು ಉಬ್ಬುತ್ತದೆ, ಒಂದು ಕಡೆ ಮಾಯವಾಗುತ್ತದೆ. ಎಲ್ಲಿ ಎಲ್ಲ ಸ್ವರಗಳೂ ಒಂದೇ ತೂಕದಲ್ಲಿ ಕೇಳುತ್ತವೆಯೋ ಅಲ್ಲಿ ಸೀಮೆಸುಣ್ಣದ ಗುರುತು ಹಾಕಿ, ಸಬ್ಬನ್ನು ತಂದು ಅಲ್ಲಿಡಿ. ನಮ್ಮಲ್ಲಿ ಮೂಲೆಯಿಂದ ಎರಡೂವರೆ ಅಡಿ ಸರಿಸಿದ್ದಷ್ಟೇ. ಅದುವರೆಗೆ ಬರೀ ‘ಧೂಂ’ ಎನ್ನುತ್ತಿದ್ದದ್ದು ಡೊಳ್ಳು, ನಗಾರಿ ಎಂದು ಬೇರೆಬೇರೆಯಾಗಿ ಕೇಳತೊಡಗಿತು.

1,140 ಘನ ಅಡಿಯ ಇಂಥ ಕೋಣೆಗೆ 10 ಇಂಚಿನ ಒಂದು ಒಳ್ಳೆಯ ಸಬ್ ಸಾಕು. ಹಣವಿದ್ದರೆ ಅದನ್ನು 15 ಇಂಚು ಮಾಡುವ ಬದಲು ಚಿಕ್ಕದಾದರೂ ಎರಡು ತನ್ನಿ. ಮುಂದಿನ ಗೋಡೆಯ ನಡುವೆ ಒಂದು, ಹಿಂದಿನ ಗೋಡೆಯ ನಡುವೆ ಇನ್ನೊಂದು ಇಟ್ಟರೆ ಒಂದು ಉಬ್ಬಿಸಿದ್ದನ್ನು ಇನ್ನೊಂದು ತಗ್ಗಿಸುತ್ತದೆ, ಪ್ರತಿ ಕುರ್ಚಿಗೂ ಹೆಚ್ಚು-ಕಡಿಮೆ ಒಂದೇ ಸದ್ದು ಮುಟ್ಟುತ್ತದೆ. ಟಾಡ್ ವೆಲ್ಟಿ, ಫ್ಲಾಯ್ಡ್ ಟೂಲ್ ಎಂಬ ಧ್ವನಿತಜ್ಞರು ಅಳೆದು ತೋರಿಸಿದ ಮಾತಿದು.

ಕೌದಿ, ಖಾದಿ, ರಾಕ್‌ವೂಲ್

ಅಂಗಡಿಗಳಲ್ಲಿ ಮೊಟ್ಟೆಯ ಟ್ರೇಯಂಥ ತೆಳು ಫೋಮನ್ನು ‘ಸೌಂಡ್‌ಪ್ರೂಫ್’ ಎಂದು ಮಾರುತ್ತಾರೆ. ಅದು ಸದ್ದನ್ನು ಪಕ್ಕದ ಮನೆಗೆ ಹೋಗದಂತೆ ತಡೆಯುವುದಿಲ್ಲ. ಸದ್ದು ತಡೆಯಲು ಭಾರ ಬೇಕು, ಸಂದಿಯಿಲ್ಲದ ಮುಚ್ಚಳ ಬೇಕು. ಫೋಮು ಒಳಗಿನ ಚೂಪು ಪ್ರತಿಧ್ವನಿಯನ್ನಷ್ಟೇ ಹೀರುತ್ತದೆ, ಅದೂ ಅರೆಬರೆ. ಕೋಣೆಯೆಲ್ಲ ಅದನ್ನೇ ಅಂಟಿಸಿದರೆ ಮೇಲಿನ ಸದ್ದು ಸತ್ತು, ತಗ್ಗಿನ ಗುಂಯ್ ಹಾಗೇ ಉಳಿದು, ಮಾತು ಇನ್ನಷ್ಟು ಮಂಕಾಗುತ್ತದೆ.

ಮೊದಲು ನೆಲ. ಟಿವಿಗೂ ಕುರ್ಚಿಗೂ ನಡುವೆ ದಪ್ಪ ಜಮಖಾನೆ ಹಾಸಿ. ಆಮೇಲೆ ಪಕ್ಕದ ಗೋಡೆಗಳು. ನೀವು ಕುರ್ಚಿಯಲ್ಲಿ ಕೂತು, ಇನ್ನೊಬ್ಬರಿಗೆ ಗೋಡೆಯ ಗುಂಟ ಕೈಗನ್ನಡಿ ಸರಿಸಲು ಹೇಳಿ. ಯಾವ ಜಾಗದಲ್ಲಿ ಕನ್ನಡಿಯೊಳಗೆ ಮುಂದಿನ ಸ್ಪೀಕರು ಕಾಣುತ್ತದೋ ಅಲ್ಲಿಂದಲೇ ಮೊದಲ ಪ್ರತಿಫಲನ ಬರುವುದು. ಹೀರುವ ಹಲಗೆ ಅಲ್ಲಿಗೆ ಬೇಕು, ಗೋಡೆ ತುಂಬ ಬೇಡ. 2 ಅಡಿಗೆ 4 ಅಡಿಯ ಮರದ ಚೌಕಟ್ಟಿನಲ್ಲಿ ಘನ ಮೀಟರಿಗೆ 48 ಕಿಲೋ ಸಾಂದ್ರತೆಯ, 2 ಇಂಚು ದಪ್ಪದ ರಾಕ್‌ವೂಲ್ ತುಂಬಿ, ಗೋಡೆಯಿಂದ 2 ಇಂಚು ಬಿಟ್ಟು ತೂಗುಹಾಕಿ. ಹಿಂದಿನ ಆ ಗಾಳಿಯೇ ಹಲಗೆಯ ಕೆಲಸವನ್ನು ಇನ್ನೂ ತಗ್ಗಿನ ಸದ್ದಿಗೆ ಇಳಿಸುತ್ತದೆ. ಭವಾನಿ ಪೇಠೆಯ ಟಿಂಬರ್ ಮಾರ್ಕೆಟ್ಟಿನಲ್ಲಿ ಚೌಕಟ್ಟಿನ ಪಟ್ಟಿ ಕೊಯ್ಸಿದರೆ ಮನೆಯಲ್ಲೇ ಜೋಡಿಸಬಹುದು. ರಾಕ್‌ವೂಲ್ ಮುಟ್ಟುವಾಗ ಕೈಗವಸು, ಮೂಗಿಗೆ ಮಾಸ್ಕು ಮರೆಯಬೇಡಿ. ಅದರ ಎಳೆಗಳು ಚುಚ್ಚುತ್ತವೆ.

ಹೊದಿಸುವ ಬಟ್ಟೆಯ ಮೂಲಕ ಗಾಳಿ ಆಡಬೇಕು. ಬಟ್ಟೆಯನ್ನು ಬಾಯಿಗೆ ಹಿಡಿದು ಊದಿ. ಉಸಿರು ಸಲೀಸಾಗಿ ದಾಟಿದರೆ ಸರಿ. ನಾನು ಹುಬ್ಬಳ್ಳಿಯ ಬೆಂಗೇರಿಯಿಂದ ತಂದ ಒರಟು ಖಾದಿ ಹೊದಿಸಿದೆ. ರಾಷ್ಟ್ರಧ್ವಜಕ್ಕೆ ಹೆಸರಾದ ಊರಿನ ಖಾದಿಯದು. ನೋಡಲೂ ಚೆಂದ, ಉಸಿರೂ ದಾಟುತ್ತದೆ. ಇನ್ನು ಅವ್ವ ಹೊಲಿದ ಕೌದಿ. ಹಳೆಯ ಸೀರೆ-ಧೋತರ ಪದರು ಪದರಾಗಿ ಸೇರಿಸಿ ಹೊಲಿದ ಉತ್ತರ ಕರ್ನಾಟಕದ ಈ ಹೊದಿಕೆ ಗೋಡೆಗೆ ತೂಗಿದರೆ ಚಪ್ಪಾಳೆಯ ‘ಝಿಂಗ್’ ಅಡಗುತ್ತದೆ. ಎರಡಾಗಿ ಮಡಿಸಿ, ಗೋಡೆಯಿಂದ ಮೂರು ಬೆರಳು ಬಿಟ್ಟು ಕಟ್ಟಿದರೆ ಇನ್ನೂ ಒಳ್ಳೆಯದು. ಆದರೆ ತಗ್ಗಿನ ಸದ್ದನ್ನು ಕೌದಿಯಾಗಲಿ ತೆಳು ಹಲಗೆಯಾಗಲಿ ಹಿಡಿಯಲಾರದು. 50 ಹರ್ಟ್ಜ್ ಅಲೆಯ ಉದ್ದ ಇಪ್ಪತ್ತೆರಡೂವರೆ ಅಡಿ. ಅದನ್ನು ಕುರ್ಚಿಯ ಮತ್ತು ಸಬ್ಬಿನ ಜಾಗದಿಂದಲೇ ಪಳಗಿಸಬೇಕು.

ಪುಣೆಯ ಮಳೆಗಾಲದ ಮಾತೂ ಇಲ್ಲಿ ಬರಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಹೊಡೆಯುವ ಹೊರಗೋಡೆಗಳು ತೇವ ಹಿಡಿಯುತ್ತವೆ. ಅಂಥ ಗೋಡೆಗೆ ಹಲಗೆಯನ್ನು ಅಂಟಿಸಿದರೆ ಹಿಂದೆ ಬೂಸಲು ಬೆಳೆಯುತ್ತದೆ. ತೂಗುಹಾಕಿದ್ದರೆ ತೆಗೆದು ಒಣಗಿಸಬಹುದು.

ಕೆಳಮನೆಯವರು

ಮೊದಲ ವಾರವೇ ಕೆಳಗಿನ ಮನೆಯ ಕಾಕು ಲಿಫ್ಟಿನಲ್ಲಿ ಸಿಕ್ಕು, “ಆವಾಜ್ ಜರಾ ಕಮೀ ಕರಾ ಹಂ, ಆಜೋಬಾಂನಾ ಝೋಪ್ ಲಾಗತ್ ನಾಹೀ” ಎಂದರು. ಅವರ ಮಾವನವರಿಗೆ ನಿದ್ದೆ ಬಾರದಂತಾದದ್ದು ನನ್ನಿಂದ. ಸಿನಿಮಾದ ಮಾತು ಅವರಿಗೆ ಕೇಳುತ್ತಿರಲಿಲ್ಲ. ಸಬ್ಬಿನ ಪೆಟ್ಟು ಮಾತ್ರ ಸ್ಲ್ಯಾಬಿನ ಮೂಲಕ ಅವರ ಮಂಚಕ್ಕೆ ಇಳಿಯುತ್ತಿತ್ತು. ಸಬ್ಬಿನ ಅಡಿಗೆ ದಪ್ಪ ರಬ್ಬರಿನ ಮೇಲೆ ಭಾರದ ಕಲ್ಲುಹಲಗೆ ಇಟ್ಟು ಅದರ ಮೇಲೆ ಕೂರಿಸಿದರೆ ನೆಲಕ್ಕೆ ನೇರ ಇಳಿಯುವ ಕಂಪನ ತಗ್ಗುತ್ತದೆ, ನಿಲ್ಲುವುದಿಲ್ಲ. ಬಾಗಿಲ ಸುತ್ತ ರಬ್ಬರ್ ಪಟ್ಟಿ, ಅಡಿಯಲ್ಲಿ ಸಂದಿ ಮುಚ್ಚುವ ಸೀಲ್, ಜಾರುವ ಅಲ್ಯುಮಿನಿಯಂ ಕಿಟಕಿಗೆ ದಪ್ಪ ಪರದೆ, ಇಷ್ಟರಿಂದ ಮಾತು-ಹಾಡಿನ ಸೋರಿಕೆ ಕಡಿಮೆಯಾಗುತ್ತದೆ. ತಗ್ಗು ಸದ್ದಿಗೆ ಪರಿಹಾರ ಗಡಿಯಾರವೇ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಎಂದರೆ 10ರಿಂದ ಬೆಳಗಿನ 6. ವಸತಿ ಪ್ರದೇಶದ ಮಿತಿ ಹಗಲು 55 ಡೆಸಿಬಲ್, ರಾತ್ರಿ 45. ನಮ್ಮ ಮನೆಯಲ್ಲಿ ಹತ್ತು ಹೊಡೆದರೆ ಸಬ್ಬನ್ನು ಬಂದ್ ಮಾಡಿ, ಎಲ್ಲ ಸ್ಪೀಕರುಗಳನ್ನೂ ನಡೆಸುವ ರಿಸೀವರಿನ ನೈಟ್ ಮೋಡ್ ಹಚ್ಚುತ್ತೇವೆ. ಅದು ಜೋರು ಸದ್ದನ್ನು ಇಳಿಸಿ ಪಿಸುಮಾತನ್ನು ಎತ್ತುತ್ತದೆ. ಅವ್ವನಿಗೆ ಹಗಲೂ ಅದೇ ಇಷ್ಟ.

ಕೊಳ್ಳುವಾಗ

ಬುಧವಾರ ಪೇಠೆಯ ತಪಕೀರ್ ಗಲ್ಲಿಗೆ ಹೋಗಿ ಬನ್ನಿ. ತಪಕೀರು ಎಂದರೆ ನಶ್ಯ. ಈಗ ಆ ಓಣಿಯ ತುಂಬ ಎಲೆಕ್ಟ್ರಾನಿಕ್ಸ್ ಅಂಗಡಿಗಳು. ವೈರು, ಪ್ಲಗ್ಗು, ಬ್ರ್ಯಾಕೆಟ್ಟಿಗೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಸ್ಪೀಕರು ಮಾತ್ರ ಕೂತು ಕೇಳಲು ಬಿಡುವ ಅಂಗಡಿಯಲ್ಲಿ ಕೊಳ್ಳಿ. ನಿಮಗೆ ಬಾಯಿಪಾಠವಾಗಿರುವ ಒಂದು ಕನ್ನಡ ಸಿನಿಮಾದ ಸಂಭಾಷಣೆಯನ್ನೇ ಹಚ್ಚಿಸಿ. ಹೆಲಿಕಾಪ್ಟರು ಹಾರುವ ಪ್ರದರ್ಶನದ ತುಣುಕಿನಲ್ಲಿ ಎಲ್ಲ ಸ್ಪೀಕರುಗಳೂ ಚೆನ್ನಾಗಿಯೇ ಕೇಳುತ್ತವೆ.

ಪೆಟ್ಟಿಗೆಯ ಮೇಲಿನ ಸಾವಿರಾರು ವಾಟ್ ಪಿಎಂಪಿಒ ಲೆಕ್ಕಕ್ಕೆ ಬಾರದು, ನಿರಂತರ ಬಲವನ್ನು ಹೇಳುವ ಆರ್‌ಎಂಎಸ್ ನೋಡಿ. 87 ಡೆಸಿಬಲ್ ಸಂವೇದನೆಯ ಸ್ಪೀಕರು ಒಂದು ವಾಟ್‌ಗೆ ಒಂದು ಮೀಟರ್ ದೂರದಲ್ಲಿ 87 ಕೊಟ್ಟರೆ, 7 ಅಡಿಯಲ್ಲಿ ಸುಮಾರು 80 ಉಳಿಯುತ್ತದೆ. 50 ವಾಟ್ ಕೊಟ್ಟರೆ 97ಕ್ಕೆ ಏರುತ್ತದೆ. ಇಷ್ಟು ಚಿಕ್ಕ ಕೋಣೆಯಲ್ಲಿ ಅದು ಕಿವಿ ಮುಚ್ಚಿಕೊಳ್ಳುವಷ್ಟು ಜೋರು. 100 ವಾಟ್ ಮಾಡಿದರೆ ಹೆಚ್ಚುವುದು ಮೂರೇ ಡೆಸಿಬಲ್. ಆದ್ದರಿಂದ ವಾಟ್‌ಗೆ ಹಣ ಸುರಿಯಬೇಡಿ. ನೂರು ರೂಪಾಯಿಯಲ್ಲಿ ನಾನಾದರೆ ಮುಂದಿನ ಮೂರು ಸ್ಪೀಕರಿಗೆ 40, ಸಬ್ಬಿಗೆ 20, ರಿಸೀವರಿಗೆ 22, ಸರೌಂಡುಗಳಿಗೆ 10, ಕೋಣೆಯ ಹಲಗೆ-ಹೊದಿಕೆಗೆ 8 ಹಾಕುತ್ತೇನೆ. ಸೆಂಟರ್ ಸ್ಪೀಕರು ಎಡ-ಬಲದ ಅದೇ ಮಾಲಿಕೆಯದೇ ಆಗಿರಲಿ. ಇಲ್ಲದಿದ್ದರೆ ಪಾತ್ರ ಎಡದಿಂದ ಬಲಕ್ಕೆ ನಡೆದರೆ ದನಿಯ ಬಣ್ಣವೇ ಬದಲಾಗುತ್ತದೆ.

ರಿಸೀವರಿನಲ್ಲಿಯೂ ಟಿವಿಯಲ್ಲಿಯೂ ಇಎಆರ್‌ಸಿ (ಟಿವಿಯ ಸದ್ದನ್ನು ರಿಸೀವರಿಗೆ ಮರಳಿಸುವ ಸೌಲಭ್ಯ) ಇರುವ ಎಚ್‌ಡಿಎಂಐ ಕಿಂಡಿ ಇದೆಯೇ ನೋಡಿ. ಒಟಿಟಿಯ ಅಟ್ಮಾಸ್ ಹಳೆಯ ಎಆರ್‌ಸಿಯಲ್ಲೂ ದಾಟೀತು. ಬ್ಲೂ-ರೇಯ ಪೂರ್ತಿ ಗುಣಮಟ್ಟ ಟಿವಿಯ ಮೂಲಕ ಬರಬೇಕಾದರೆ ಇಎಆರ್‌ಸಿಯೇ ಬೇಕು. ಸ್ಪೀಕರಿಗೆ 1.5 ಚದರ ಮಿಲಿಮೀಟರಿನ ತಾಮ್ರದ ವೈರು ಸಾಕು, ಸರೌಂಡಿನ ಉದ್ದ ಓಟಕ್ಕೆ 2.5 ಇದ್ದರೆ ನಿಶ್ಚಿಂತೆ. ಕಾಂಕ್ರೀಟ್ ಗೋಡೆಯಾದರೆ ಕೇಸಿಂಗ್ ಪಟ್ಟಿಯಲ್ಲಿ ಹೊರಗಿನಿಂದಲೇ ಒಯ್ಯಿರಿ, ಗೋಡೆಯ ಬಣ್ಣ ಬಳಿದರೆ ಕಣ್ಣಿಗೆ ಬೀಳದು. ಕರೆಂಟಿನ ವೈರಿನ ಜೊತೆಗೆ ಸ್ಪೀಕರ್ ವೈರು ಓಡಿಸಬೇಡಿ. ಸುಮ್ಮನಿದ್ದಾಗಲೂ ಸ್ಪೀಕರಿನಿಂದ 50 ಹರ್ಟ್ಜ್‌ನ ಗುಂಯ್ ಬರುತ್ತಿದ್ದರೆ ಕೇಬಲ್ ಟಿವಿಯ ಡಬ್ಬಿಯ ತಂತಿ ಕಿತ್ತು ನೋಡಿ; ನಿಂತರೆ ದೋಷ ಅರ್ಥಿಂಗ್ ಸುತ್ತಿನದು. ಎಲ್ಲ ಉಪಕರಣಗಳನ್ನೂ ಒಂದೇ ಅರ್ಥಿಂಗಿನ ಬೋರ್ಡಿಗೆ ಸೇರಿಸಿ. ರಿಸೀವರಿನ ತಲೆಯ ಮೇಲೆ ಒಂದು ಗೇಣು ಜಾಗ ಬಿಡಿ, ಏಪ್ರಿಲ್-ಮೇ ಬಿಸಿಲಿನಲ್ಲಿ ಅದೂ ಬೆವರುತ್ತದೆ.

ಲೀವ್ ಅಂಡ್ ಲೈಸೆನ್ಸ್ ಮೇಲೆ 11 ತಿಂಗಳಿಗೆ ಬಾಡಿಗೆ ಮನೆ ಹಿಡಿದವರು ಗೋಡೆ ಕೊರೆಯುವಂತಿಲ್ಲ. ಅವರಿಗೆ ನನ್ನ ಸಲಹೆ: ಒಂದು 5.1 ರಿಸೀವರ್, ಸ್ಟ್ಯಾಂಡಿನ ಮೇಲೆ ಎರಡು ಒಳ್ಳೆಯ ಬುಕ್‌ಶೆಲ್ಫ್ ಸ್ಪೀಕರು, ಅಷ್ಟೇ. ಮುಂದಿನ ವರ್ಷ ಸೆಂಟರ್, ಅದರ ಮುಂದಿನ ವರ್ಷ ಸಬ್. ಮನೆ ಬದಲಾದರೂ ಎಲ್ಲ ಜೊತೆಗೆ ಬರುತ್ತದೆ.

ಅಳೆದು ಹೊಂದಿಸುವುದು

ರಿಸೀವರ್ ಜೊತೆಗೆ ಪುಟ್ಟ ಮೈಕ್ ಬರುತ್ತದೆ. ಡೆನಾನಿನಲ್ಲಿ ಆಡಿಸ್ಸಿ, ಯಮಹಾದಲ್ಲಿ ವೈಪಾವ್ ಎಂಬ ತಂತ್ರಾಂಶ ಅದರಿಂದ ಕೋಣೆಯನ್ನು ಅಳೆಯುತ್ತದೆ. ಮೈಕನ್ನು ಸೋಫಾದ ಬೆನ್ನಿನ ಮೇಲಿಡಬೇಡಿ, ಟ್ರೈಪಾಡಿಗೆ ಕಟ್ಟಿ ಕಿವಿಯ ಎತ್ತರಕ್ಕೆ ತನ್ನಿ. ಫ್ಯಾನು, ಏಸಿ, ಅಡುಗೆಮನೆಯ ಕುಕ್ಕರು ಎಲ್ಲ ನಿಂತಿರಲಿ. ಮುಗಿದ ಮೇಲೆ ಅದು ಬರೆದುಕೊಂಡ ದೂರಗಳನ್ನು ಟೇಪಿನೊಂದಿಗೆ ತಾಳೆ ನೋಡಿ. ಒಂದು ಅಡಿ ದಾಟಲು ಸದ್ದಿಗೆ ಸುಮಾರು 0.9 ಮಿಲಿಸೆಕೆಂಡ್ ಬೇಕು. ಎಲ್ಲ ಸ್ಪೀಕರುಗಳ ಸದ್ದೂ ಒಟ್ಟಿಗೆ ಮುಟ್ಟುವಂತೆ ರಿಸೀವರು ಈ ದೂರದಿಂದಲೇ ತಡ ಹಾಕುತ್ತದೆ. ಸಬ್ಬಿನ ದೂರವನ್ನು ಮಾತ್ರ ಅದು ಟೇಪಿಗಿಂತ ಹೆಚ್ಚು ತೋರಿಸಬಹುದು. ಸಬ್ಬಿನ ಒಳಗಿನ ವಿಳಂಬವೂ ಅದರಲ್ಲಿ ಸೇರಿರುತ್ತದೆ, ಅದನ್ನು ತಿದ್ದಬೇಡಿ. ಎಲ್ಲ ಸ್ಪೀಕರುಗಳನ್ನು ‘ಸ್ಮಾಲ್’ ಎಂದು ಗುರುತಿಸಿ ಕ್ರಾಸ್‌ಓವರ್, ಅಂದರೆ ಸ್ಪೀಕರಿನಿಂದ ಸಬ್ಬಿಗೆ ಸದ್ದು ದಾಟುವ ಗಡಿ, 80 ಹರ್ಟ್ಜ್‌ಗೆ ಇಡಿ. ಆಮೇಲೆ ಸೆಂಟರನ್ನು ಒಂದೆರಡು ಡೆಸಿಬಲ್ ಏರಿಸಿ ಮಾತು ಕೇಳಿ.

ಕೊನೆಗೆ ಗಡಗಡದ ಬೇಟೆ. ಫೋನಿನಿಂದ 20ರಿಂದ 120 ಹರ್ಟ್ಜ್‌ವರೆಗೆ ಏರುವ ಸ್ವರ ಹಚ್ಚಿ ಕೋಣೆಯೆಲ್ಲ ಸುತ್ತಿ. ಕಿಟಕಿಯ ಸರಳು, ಟ್ಯೂಬ್‌ಲೈಟಿನ ಪಟ್ಟಿ, ಫೋಟೋದ ಗಾಜು ಒಂದೊಂದೇ ಹಾಡತೊಡಗುತ್ತವೆ. ನಮ್ಮಲ್ಲಿ ಪಕ್ಕದ ದೇವರಮನೆಯ ಹಿತ್ತಾಳೆ ಗಂಟೆ 62 ಹರ್ಟ್ಜ್‌ಗೆ ಸರಿಯಾಗಿ ಓಗೊಟ್ಟಿತು. ಅದರಡಿಗೆ ಮಡಿಸಿದ ವಸ್ತ್ರ ಇಟ್ಟೆವು.

ಏನನ್ನು ಹೇಗೆ ಕೇಳಬೇಕು

ಎಲ್ಲವನ್ನೂ ಐದು ಸ್ಪೀಕರಿನಲ್ಲಿ ಹರಡುವ ಆಸೆ ಬೇಡ. ಗದಗದಲ್ಲಿ ಹುಟ್ಟಿ ಪುಣೆಯಲ್ಲಿ ನೆಲೆಸಿದ ಭೀಮಸೇನ ಜೋಶಿಯವರು ಕುಂದಗೋಳದ ತಮ್ಮ ಗುರು ಸವಾಯಿ ಗಂಧರ್ವರ ನೆನಪಿಗೆ 1953ರಲ್ಲಿ ಆರಂಭಿಸಿದ ಸಂಗೀತೋತ್ಸವ ಈ ಊರಿನ ಡಿಸೆಂಬರಿನ ಹಬ್ಬ. ಜೋಶಿಯವರ ಧ್ವನಿಮುದ್ರಣ ಹಚ್ಚುವಾಗ ರಿಸೀವರನ್ನು ‘ಸ್ಟೀರಿಯೊ’ಗೆ ತಿರುಗಿಸಿ. ತಂಬೂರಿ, ತಬಲಾ, ಗಾಯಕ ಎಲ್ಲರೂ ಮುಂದೆಯೇ ಕೂತಿರಬೇಕು, ಹಿಂದಿನಿಂದ ಹಾಡಬಾರದು. ರಾಮನಗರದ ಬಂಡೆಗಳ ನಡುವೆ ಚಿತ್ರಿಸಿ 1975ರಲ್ಲಿ ತೆರೆಕಂಡ ‘ಶೋಲೆ’ 70 ಎಂಎಂನಲ್ಲಿ, ಸ್ಟೀರಿಯೊ ಧ್ವನಿಯಲ್ಲಿ ಬಂದ ಚಿತ್ರ. ಅದನ್ನು ನೋಡುವಾಗ ಐದೂ ಸ್ಪೀಕರು ಹಚ್ಚಿ. ‘ಕಾಂತಾರ’ದ ಕೊನೆಯ ದೈವದ ಕೂಗಿಗೆ ಎಲ್ಲವೂ ಬೇಕು, ಸಬ್ಬೂ ಬೇಕು, ಆದರೆ ಹತ್ತು ಗಂಟೆಯೊಳಗೆ.

ಹಳೆಯ ಚಿತ್ರಗಳ ಮಾತೇ ಬೇರೆ. ನಿರ್ದೇಶಕ ಗಿರೀಶ ಕಾಸರವಳ್ಳಿಯವರು ಸಿನಿಮಾ ಕಲಿತದ್ದು ನಮ್ಮ ಮನೆಯಿಂದ ಹೆಚ್ಚು ದೂರವಿಲ್ಲದ ಲಾ ಕಾಲೇಜ್ ರಸ್ತೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ, ಒಂದು ಕಾಲದ ಪ್ರಭಾತ್ ಸ್ಟುಡಿಯೊದ ಅಂಗಳದಲ್ಲಿ. ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ದ ನವೀಕರಿಸಿದ ಪ್ರತಿ 2024ರಲ್ಲಿ ವೆನಿಸ್‌ನಲ್ಲಿ ಪ್ರದರ್ಶನಗೊಂಡಿತು. ಅದು ಮೋನೊ ಚಿತ್ರ, ಸದ್ದೆಲ್ಲ ಒಂದೇ ಎಳೆಯಲ್ಲಿ. ಇಂಥ ಚಿತ್ರಕ್ಕೆ ಅಟ್ಮಾಸಿನಂತೆ ಹರಡುವ ಸೌಲಭ್ಯ ಬಂದ್ ಮಾಡಿ, ಸೆಂಟರ್ ಸ್ಪೀಕರ್ ಒಂದರಲ್ಲೇ ಕೇಳಿ. ಮೌನ ಎಲ್ಲಿ ಮುಗಿಯುತ್ತದೆ, ಉಸಿರು ಎಲ್ಲಿ ಶುರುವಾಗುತ್ತದೆ ಎಂಬುದು ಆಗಲೇ ಗೊತ್ತಾಗುವುದು. ಸೆಂಟರ್ ಸ್ಪೀಕರಿನ ಆಯ್ಕೆ, ಎತ್ತರ, ಕೋನ ಸರಿಯಾಗಿವೆಯೇ ಎಂದು ನೋಡಲು ನನಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಸಿಕ್ಕಿಲ್ಲ. ಹೋದ ಸಲ ಅವ್ವ ಬಂದಾಗ ನಡುಕುರ್ಚಿಯನ್ನು ಮೊಮ್ಮಗನಿಗೆ ಬಿಟ್ಟು ತಾನು ಪಕ್ಕದಲ್ಲಿ ಕೂತು ಹಳೆಯದೊಂದು ಚಿತ್ರ ಪೂರ್ತಿ ನೋಡಿದಳು. ನಡುನಡುವೆ ಅವನಿಗೆ ಹಳೆಯ ಪದಗಳ ಅರ್ಥ ಹೇಳುತ್ತಿದ್ದಳು.

ಕೋಣೆಯಲ್ಲಿ ಏನೇ ಬದಲಾದರೂ, ಪರದೆ ಒಗೆಯಲು ಹೋಗಲಿ, ಕಪಾಟು ಸರಿಯಲಿ, ಅಳತೆ ಬದಲಾಗುತ್ತದೆ. ಮಳೆಗಾಲ ಮುಗಿದು ಹಲಗೆ, ಕೌದಿಗಳನ್ನು ಬಿಸಿಲಿಗೆ ಹಾಕಿ ಮರಳಿ ತೂಗಿದ ಮೇಲೆ, ಅಕ್ಟೋಬರಿನ ಒಂದು ಬೆಳಿಗ್ಗೆ ಮೈಕನ್ನು ಟ್ರೈಪಾಡಿಗೆ ಕಟ್ಟಿ ಇನ್ನೊಮ್ಮೆ ಅಳೆಯಿರಿ. ಇಪ್ಪತ್ತು ನಿಮಿಷದ ಕೆಲಸ.